ಅಟೆಂಡರ್ ಗಂಡ

ಬಸಿರಿನಲ್ಲಿ ಗಂಡಸಿನ ಪಾಲು ಅರ್ಧ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆಮೇಲಿನ ಒಂಬತ್ತು ತಿಂಗಳಲ್ಲಿ ಅವನ ಪಾಲೆಷ್ಟು ಎಂದು ಕೇಳಿದರೆ ಮಾತ್ರ ಮನೆಗೊಂದು ಲೆಕ್ಕ ಸಿಗುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಅವನು ಅಟೆಂಡರ್. ಚೆನ್ನೈನ ತೆಂಕಣ ತುದಿಯ ಕ್ರೋಂಪೇಟೆಯಲ್ಲಿ ಯಾವ ಹೆರಿಗೆ ಆಸ್ಪತ್ರೆಗೆ ಹೋದರೂ ನರ್ಸು ಬಾಗಿಲಿಂದ ತಲೆ ಹೊರಗೆ ಹಾಕಿ, ಒಂದು ಹೆಂಗಸಿನ ಹೆಸರು ಕೂಗಿ, "ಅಟೆಂಡರ್ ಯಾರುಂಗ?" ಎನ್ನುತ್ತಾಳೆ. ಪ್ಲಾಸ್ಟಿಕ್ ಕುರ್ಚಿಯಿಂದ ಗಾಬರಿಯಲ್ಲಿ ಎದ್ದು, ಕಂಕುಳಲ್ಲಿದ್ದ ಫೈಲನ್ನು ಬೀಳಿಸಿ, ಮತ್ತೆ ಎತ್ತಿಕೊಳ್ಳುವವನೇ ಗಂಡ. ಈ ಹುದ್ದೆಗೆ ಕಾಲು, ಪರ್ಸು, ಪೆನ್ನು ಇದ್ದರೆ ಸಾಕು. ಔಷಧಿ ಅಂಗಡಿಗೆ ಓಡಬೇಕು, ದುಡ್ಡು ಕಟ್ಟಬೇಕು, ತೋರಿಸಿದ ಜಾಗದಲ್ಲಿ ಸಹಿ ಹಾಕಬೇಕು. ಇದಿಷ್ಟನ್ನೂ ಅವನು ನಿಷ್ಠೆಯಿಂದ ಮಾಡುತ್ತಾನೆ. ವೈದ್ಯಶಾಸ್ತ್ರಕ್ಕೆ ಅಲ್ಲಲ್ಲಿ ಅವನ ಮಿಕ್ಕ ಶರೀರವೂ ಬೇಕಾಗುತ್ತದೆ. ಗಂಡ ಕಾಣೆಯಾಗುವುದು ಆಗಲೇ.

ಮೊದಲ ಕಾಣೆ ಬಸಿರಿಗೂ ಮುಂಚಿನದು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಬೇಕಾದದ್ದು 2ರಿಂದ 7 ದಿನಗಳ ಸಂಯಮ, ಒಂದು ಡಬ್ಬಿ, ಚಿಲಕ ಸರಿಯಾಗಿ ಬೀಳುವ ಒಂದು ಕೋಣೆ. ಸೂಜಿಯಿಲ್ಲ, ನೋವಿಲ್ಲ. ಆದರೂ ಹೆಂಡತಿಗೆ ಹಾರ್ಮೋನು ಪರೀಕ್ಷೆ, ಸ್ಕ್ಯಾನು, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ, ನಾಗಪ್ರತಿಷ್ಠೆ ಎಲ್ಲ ಮುಗಿದು, ಇನ್ನು ಪರೀಕ್ಷೆ ಮಾಡಲು ಅವಳಲ್ಲಿ ಏನೂ ಉಳಿದಿಲ್ಲ ಎಂದಾದ ಮೇಲೆ ಡಬ್ಬಿ ಅವನ ಕೈಗೆ ಬರುತ್ತದೆ. ಬಂದರೂ "ಈ ವಾರ ಆಫೀಸಿನಲ್ಲಿ ಆಡಿಟ್ ಇದೆ."

ಬಸಿರು ನಿಂತ ಮೇಲೆ ಕಾಗದದ ಕೆಲಸ. ತಮಿಳುನಾಡಿನಲ್ಲಿ ಬಸುರಿಯ ಹೆಸರು ನೋಂದಾಯಿಸಿ ಪಿಕ್ಮಿ ಎಂಬ ಸಂಖ್ಯೆ ಪಡೆಯಬೇಕು. ಮಗುವಿನ ಜನನ ಪ್ರಮಾಣಪತ್ರಕ್ಕೂ ಅದನ್ನು ಕೇಳುತ್ತಾರೆ. ಬಡ ಕುಟುಂಬಗಳಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯ 18,000 ರೂಪಾಯಿ ನೆರವು ಸಿಗುವುದೂ ಈ ನೋಂದಣಿಯ ಮೇಲೆಯೇ. ಹೆರಿಗೆಗೆ ತವರಿಗೆ ಹೋಗುವ ಕನ್ನಡತಿಯಾದರೆ ಅಲ್ಲಿ ತಾಯಿ ಕಾರ್ಡ್ ಬೇರೆ. ಹೀಗೆ ಹೊಟ್ಟೆಯಲ್ಲಿರುವ ಕೂಸಿಗೆ ಎರಡು ರಾಜ್ಯಗಳಲ್ಲಿ ದಾಖಲೆ ಹುಟ್ಟುತ್ತದೆ. ತನ್ನ ಮೊದಲ ಬೈಕಿನ ನಂಬರನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸುವ ಗಂಡನಿಗೆ ಈ ಎರಡರಲ್ಲಿ ಒಂದೂ ನೆನಪಿರುವುದಿಲ್ಲ.

ಸ್ಕ್ಯಾನಿಂಗ್ ಕೋಣೆಯ ಹೊರಗಿನ ನೋಟ ಬೇರೆ. ಮೊದಲ ತಿಂಗಳುಗಳ ಸ್ಕ್ಯಾನಿಗೆ ಹೆಂಡತಿ ಹೊಟ್ಟೆ ತುಂಬ ನೀರು ಕುಡಿದು, ಒತ್ತಡ ತಡೆದುಕೊಂಡು ಕೂತಿರಬೇಕು. ಬಾಟಲಿ ಹಿಡಿಯುವ ಕೆಲಸ ಗಂಡನದು. ಮೇ ತಿಂಗಳ ಸೆಕೆ, ಟೋಕನ್ ನಂಬರ್ ಇನ್ನೂ ದೂರ. ಬಾಟಲಿಯನ್ನು ಅರ್ಧ ಅವನೇ ಖಾಲಿ ಮಾಡುತ್ತಾನೆ. ಕೊನೆಗೆ ಹೆಂಡತಿಯ ಹೆಸರು ಕರೆಯುವ ಹೊತ್ತಿಗೆ ಅವನು ಟಾಯ್ಲೆಟ್ಟಿಗೆ ಹೋಗಿರುತ್ತಾನೆ. ಒಳಗೆ ಬಿಟ್ಟರೆ ಪರದೆಯ ಮೇಲಿನ ಬೂದುಬಣ್ಣದ ಮೋಡವನ್ನು ನೋಡಿ "ಮೂಗು ನಮ್ಮಪ್ಪನ್ದೇ" ಎನ್ನುತ್ತಾನೆ. ಅಷ್ಟಕ್ಕೆ ನಿಂತರೆ ಕ್ಷೇಮ. ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸಹೊರಟವನಿಗೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಲ್ಲಿ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಉಂಟು.

ಈ ಹಂತದಲ್ಲಿ ಅವನಿಂದ ನಿಜವಾಗಿ ಬೇಕಾದದ್ದು ನಾಲ್ಕು ಹನಿ ರಕ್ತ. ಹೆಂಡತಿಯದು ಆರ್‌ಎಚ್ ನೆಗೆಟಿವ್, ಗಂಡನದು ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗಬಹುದು. ಆಗ ತಾಯಿಯ ಶರೀರ ಮಗುವಿನ ರಕ್ತಕಣಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ಮುಂದಿನ ಬಸಿರಿಗೆ ಕುತ್ತಾಗಬಹುದು. ಅದಕ್ಕೇ 28ನೇ ವಾರದ ಸುಮಾರಿಗೆ ಒಂದು ಆಂಟಿ-ಡಿ ಚುಚ್ಚುಮದ್ದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಎಚ್ಐವಿ, ಸಿಫಿಲಿಸ್ ತಪಾಸಣೆಯೂ ಇಬ್ಬರಿಗೂ ಆದರೇ ಅರ್ಥ. ರಕ್ತದ ಗುಂಪು ಕೇಳಿದರೆ ಗಂಡ ಡ್ರೈವಿಂಗ್ ಲೈಸೆನ್ಸ್ ತೆಗೆದು ತೋರಿಸುತ್ತಾನೆ. ಅದರಲ್ಲಿರುವುದು ಅರ್ಜಿ ತುಂಬಿಸಿದ ಏಜೆಂಟ್ ಊಹಿಸಿ ಬರೆದ ಗುಂಪು.

ಹಿಂದಿನವರು ಗಂಡನಿಗೆ ಇದಕ್ಕಿಂತ ಹೆಚ್ಚು ಕೆಲಸ ಹಚ್ಚಿದ್ದರು. ಗೃಹ್ಯಸೂತ್ರಗಳ ಪ್ರಕಾರ ಪುಂಸವನದಲ್ಲಿ ಆಲದ ಚಿಗುರಿನ ರಸವನ್ನು ಹೆಂಡತಿಯ ಬಲ ಮೂಗಿನ ಹೊಳ್ಳೆಗೆ ಬಿಡಬೇಕಾದವನು ಅವನೇ. ಸೀಮಂತದಲ್ಲಿ ಮುಳ್ಳುಹಂದಿಯ ಮುಳ್ಳು, ದರ್ಭೆ, ಅತ್ತಿಯ ಎಳೆಗಾಯಿ ಗೊಂಚಲು ಹಿಡಿದು ಅವಳ ಬೈತಲೆ ತೆಗೆಯಬೇಕಾದವನೂ ಅವನೇ. ವೀಣೆಯವರು ಹಾಡುವಾಗ ದಂಪತಿ ವಾಸವಿರುವ ಊರಿನ ನದಿಯ ಹೆಸರು ಹೇಳಬೇಕೆಂಬ ವಿಧಿಯೂ ಇದೆ. ಕ್ರೋಂಪೇಟೆಯವರಾದರೆ ತಿರುನೀರ್ಮಲೈ ಪಕ್ಕದ ಅಡ್ಯಾರಿನ ಹೆಸರು ಹೇಳಬೇಕಾದೀತು. 2015ರ ಪ್ರವಾಹ ಕಂಡವರು ಅದನ್ನು ಅಷ್ಟು ಪ್ರೀತಿಯಿಂದ ಕರೆಯಲಾರರು. ಈಗ ಸೀಮಂತವೆಂದರೆ ಹಸಿರು ಬಳೆ, ಹೂಮುಡಿ, ತಮಿಳರ ವಳೈಕಾಪು, ಛತ್ರದ ಬಾಡಿಗೆ. ಗಂಡ ಫೋಟೋದ ಎಡಗಡೆ ನಿಲ್ಲುತ್ತಾನೆ.

ಸೀಮಂತ ಮುಗಿದ ಕೆಲವೇ ದಿನಕ್ಕೆ ತವರಿನವರು ಬಂದು ಕರೆದೊಯ್ಯುತ್ತಾರೆ. ಚೊಚ್ಚಲ ಹೆರಿಗೆ ಮೈಸೂರಿನಲ್ಲಿ, ಗಂಡ ಕ್ರೋಂಪೇಟೆಯಲ್ಲಿ. ನಡುವೆ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್, ಅದರ ವೇಟಿಂಗ್ ಲಿಸ್ಟು. ತವರಿನ ಆರೈಕೆಯನ್ನು ಹಗುರಮಾಡುವಂತಿಲ್ಲ, ಬಾಣಂತಿಗೆ ಅಷ್ಟು ನಿದ್ದೆ ಬೇರೆಲ್ಲೂ ಸಿಕ್ಕದು. ಆದರೆ ಈ ಪದ್ಧತಿ ಗಂಡನನ್ನು ಆರಂಭದಲ್ಲೇ ಅತಿಥಿಯನ್ನಾಗಿ ಮಾಡಿಬಿಡುತ್ತದೆ. ಶನಿವಾರ ಬೆಳಿಗ್ಗೆ ಬಂದಿಳಿದವನು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ, "ಅಳಿಯಂದಿರು ಮೊದ್ಲು ಸ್ನಾನ ಮಾಡ್ಕೊಂಡು ತಿಂಡಿ ತಿನ್ಲಿ" ಎಂಬ ಆಜ್ಞೆ ಒಳಗಿನಿಂದ ಬರುತ್ತದೆ.

ಎರಡನೇ ಹೆರಿಗೆ ಸಾಮಾನ್ಯವಾಗಿ ಇರುವ ಊರಲ್ಲೇ. ಇಲ್ಲಿ ಗಂಡನ ಬುದ್ಧಿಗೆ ಕೆಲಸವಿದೆ. ತಾಯಂದಿರ ಸಾವಿಗೆ ಕಾರಣವಾಗುವ ತಡಗಳನ್ನು ಸಾರ್ವಜನಿಕ ಆರೋಗ್ಯದವರು ಮೂರಾಗಿ ಎಣಿಸುತ್ತಾರೆ: ಹೊರಡಬೇಕೆಂದು ತೀರ್ಮಾನಿಸುವ ತಡ, ಆಸ್ಪತ್ರೆ ತಲುಪುವ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವ ತಡ. ಎರಡನೆಯದು ಕ್ರೋಂಪೇಟೆಯ ರಾಧಾನಗರದ ಕಡೆಯಿಂದ ರೈಲು ಹಳಿ ದಾಟಿ ಜಿ.ಎಸ್.ಟಿ. ರಸ್ತೆಗೆ ಬರುವವರಿಗೆಲ್ಲ ಗೊತ್ತಿರುವ ಸಂಗತಿ. ಮೊದಲನೆಯದು ಮನೆಯ ಸೋಫಾದ ಮೇಲೆ ಆಗುತ್ತದೆ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಹೋಗುವುದು, ಮಗುವಿನ ಅಲುಗಾಟ ಕಮ್ಮಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನು ಮಾಡುವುದೋ ಆಟೋ ಹಿಡಿಯುವುದೋ ಆಗಬೇಕು. ಆಗ ಗಂಡ ಊರಿನಲ್ಲಿರುವ ತನ್ನ ಅಮ್ಮನಿಗೆ ಫೋನು ಮಾಡುತ್ತಾನೆ. "ಜೀರಿಗೆ ಕಷಾಯ ಕೊಟ್ಟು ನೋಡೋ" ಎಂಬ ಉತ್ತರ ಬರುತ್ತದೆ; ಅವನು ಜೀರಿಗೆ ಡಬ್ಬಿ ಹುಡುಕುತ್ತಾನೆ.

ಹೆರಿಗೆ ಕೋಣೆಯ ಬಾಗಿಲಲ್ಲಿ ನಿಯಮ ಬದಲಾಗುತ್ತದೆ. ಪಕ್ಕದಲ್ಲಿ ತನ್ನವರೊಬ್ಬರು ಕೊನೆತನಕ ಇದ್ದರೆ ಸಹಜ ಹೆರಿಗೆ ಹೆಚ್ಚು, ನೋವಿನ ಹೊತ್ತು ಕಮ್ಮಿ ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. 2016ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಒಪ್ಪಿಗೆ ಕೊಟ್ಟಿತು: ಆಕೆ ಹೆಂಗಸಾಗಿರಬೇಕು, ತಾನೂ ಹೆತ್ತವಳಾಗಿರಬೇಕು, ಮರೆ ಮಾಡುವ ವ್ಯವಸ್ಥೆ ಸರಿಯಾಗಿರುವ ಕಡೆ ಗಂಡನನ್ನೂ ಬಿಡಬಹುದು. ಒಂದೇ ಕೋಣೆಯಲ್ಲಿ ಸಾಲಾಗಿ ಮಂಚಗಳಿದ್ದರೆ ಒಬ್ಬಳ ಗಂಡ ಉಳಿದವರಿಗೆ ಪರಗಂಡಸು, ಆದ್ದರಿಂದ "ಸಾರ್, ವೆಳಿಯ ಉಕ್ಕಾರುಂಗ" (ಹೊರಗೆ ಕೂತ್ಕೊಳ್ಳಿ) ಎಂಬ ಮಾತಿನಲ್ಲಿ ನ್ಯಾಯವಿದೆ. ಹೆಂಡತಿಗೇ ಅವನು ಒಳಗೆ ಬೇಡವೆನಿಸಿದರೆ ಅಲ್ಲಿಗೆ ಮುಗಿಯಿತು. 2015ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಗಂಡಸರ ಪಾಲ್ಗೊಳ್ಳುವಿಕೆಗೆ ಹೆಂಗಸಿನ ಇಚ್ಛೆಯ ಕಡಿವಾಣ ಹಾಕಿದೆ.

ಹೊರಗೆ ಕೂರಲಾರದ ಗಂಡಂದಿರೂ ಈ ಸೀಮೆಯಲ್ಲಿದ್ದರು. ಯೆರುಕಲ ಸಮುದಾಯದಲ್ಲಿ ಹೆಂಡತಿಗೆ ನೋವು ಶುರುವಾದೊಡನೆ ಗಂಡ ಅವಳ ಸೀರೆಯುಟ್ಟು, ಹಣೆಗೆ ಬೊಟ್ಟಿಟ್ಟು, ಮಂದ ದೀಪದ ಕೋಣೆಯಲ್ಲಿ ಹೊದ್ದು ಮಲಗುತ್ತಿದ್ದ. ಕೂಸನ್ನು ತೊಳೆದು ಅವನ ಪಕ್ಕಕ್ಕೇ ಮಲಗಿಸಿ, ಇಂಗು ಬೆಲ್ಲವನ್ನೂ ಅವನಿಗೇ ಕೊಡುತ್ತಿದ್ದರು ಎಂದು 1874ರಲ್ಲಿ ಒಬ್ಬ ಪಾದ್ರಿ ಬರೆದರು. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅದನ್ನು ತಮ್ಮ ಗ್ರಂಥದಲ್ಲಿ ಸೇರಿಸಿದರು. ಓದಿದವರು ನಗುತ್ತಾರೆ. ಆದರೆ ನೋವಿನಲ್ಲಿ ಪಾಲು ಕೇಳಲು ಅಷ್ಟಾದರೂ ಮಾಡಿದ ಗಂಡಸರು ಎಷ್ಟು ಜನ?

ಸಹಿಯ ಮಾತು ಒಂದಿದೆ. ಸಿಸೇರಿಯನ್‌ಗೆ ಗಂಡನ ಸಹಿ ಕೇಳುವುದು ವಾಡಿಕೆ. ಗರ್ಭಪಾತಕ್ಕೆ 1971ರ ಕಾಯ್ದೆ ಕೇಳುವುದು ವಯಸ್ಕ ಹೆಂಗಸಿನ ಒಪ್ಪಿಗೆಯನ್ನು ಮಾತ್ರ. ಸಂತಾನಹರಣ ಚಿಕಿತ್ಸೆಗೂ ಸಂಗಾತಿಯ ಸಹಿ ಬೇಕಿಲ್ಲ. ಇಷ್ಟಾಗಿಯೂ ಪೆನ್ನು ಕಂಡಲ್ಲೆಲ್ಲ ಗಂಡ ಮುಂದೆ ಬರುತ್ತಾನೆ.

ಹೆರಿಗೆಯ ನಂತರ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆಯಿದೆ, ಖಾಸಗಿಯವನಿಗೆ ಮಾಲೀಕರ ಮನಸ್ಸು. ಅದರಲ್ಲಿ ಎರಡು ದಿನ ನಾಮಕರಣದ ಅಡುಗೆಯವರನ್ನು ಗೊತ್ತುಮಾಡಲು ಹೋಗುತ್ತದೆ.

ಕಡೆಯದು, ಇನ್ನು ಸಾಕು ಎಂದ ಮೇಲಿನ ಆಪರೇಷನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ದಂಪತಿಗಳ ಪೈಕಿ ಶೇಕಡ 37.9ರಷ್ಟು ಮಂದಿ ಹೆಂಗಸರ ಆಪರೇಷನ್ನನ್ನೂ ಶೇಕಡ 0.3ರಷ್ಟು ಮಂದಿ ಗಂಡಸರದನ್ನೂ ನೆಚ್ಚಿದ್ದರು. ಹೆಂಗಸರದು ಹೊಟ್ಟೆ ತೆರೆಯುವ ಕೆಲಸ. ಗಂಡಸರದು ಚೀನಾದ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಚಾಕುವಿಲ್ಲದೆ, ಹೊಲಿಗೆಯಿಲ್ಲದೆ, ಸ್ವಲ್ಪ ಹೊತ್ತಿನಲ್ಲಿ ಮುಗಿದು ಅಂದೇ ಮನೆಗೆ ನಡೆದುಹೋಗುವಂಥದು. ತುರ್ತು ಪರಿಸ್ಥಿತಿಯ ಬಲವಂತದ ಶಿಬಿರಗಳು ಇದಕ್ಕೆ ಕೆಟ್ಟ ಹೆಸರು ತಂದದ್ದು ನಿಜ. ಈಗಿನ ಗಂಡಂದಿರಲ್ಲಿ ಹೆಚ್ಚಿನವರು ಆಗ ಹುಟ್ಟೇ ಇರಲಿಲ್ಲ. ಆದರೂ ಭಯ ಅವರಿಗೆ ಪಿತ್ರಾರ್ಜಿತವಾಗಿ ಬಂದಿದೆ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇದಕ್ಕೆಂದೇ ಪಕ್ಷಾಚರಣೆ ಇರುತ್ತದೆ. ಮಾಡಿಸಿಕೊಂಡವನು ಮೂರು ತಿಂಗಳು ಬೇರೆ ಎಚ್ಚರಿಕೆ ಪಾಲಿಸಿ, ವೀರ್ಯ ಪರೀಕ್ಷೆಗೆ ಮತ್ತೆ ಬರಬೇಕು; ಆ ವರದಿ ಸರಿಯಿದ್ದರೆ ಮಾತ್ರ ಪ್ರಮಾಣಪತ್ರ. ಅಟೆಂಡರ್ ಆಗಿ ಹೆಂಡತಿ ಬಂದರೂ ನಡೆಯುತ್ತದೆ.