ಬ್ಯಾಡ್ಜಪ್ಪನವರು

ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋದರೂ ಒಬ್ಬ ಬ್ಯಾಡ್ಜಪ್ಪ ಸಿಕ್ಕೇ ಸಿಗುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇರುತ್ತದೆ, ಅದು ಸಂಬಳದ ಚೀಟಿಯಲ್ಲಿ ಮಾತ್ರ. ಅವರಿಂದ ಮೇಲ್ ಬಂದರೆ ವಿಷಯ ಒಂದೇ ಸಾಲು, ‘ನೋಟೆಡ್, ಥ್ಯಾಂಕ್ಸ್’. ಅದರ ಕೆಳಗಿನ ಸಹಿ ಮಾತ್ರ ಮೊಬೈಲಿನಲ್ಲಿ ಬೆರಳು ಸೋಲುವವರೆಗೂ ಇಳಿಯುತ್ತಲೇ ಇರುತ್ತದೆ: ಸಿಸಿಎನ್‌ಎ, ಸಿಎಸ್‌ಎಂ, ಸೆಕ್ಯುರಿಟಿ ಪ್ಲಸ್, ಎ ಪ್ಲಸ್, ಒಂದೊಂದಕ್ಕೂ ಒಂದು ಬಣ್ಣದ ಬಿಲ್ಲೆ. ಆಯುಧಪೂಜೆಯ ದಿನ ನಾವೆಲ್ಲ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಪುರಿ ತಿನ್ನುವ ಹೊತ್ತಿಗೆ, ನಮ್ಮ ಬ್ಯಾಡ್ಜಪ್ಪನವರು ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟುಗಳನ್ನು ಸಾಲಾಗಿ ಜೋಡಿಸಿ ಸೇವಂತಿಗೆ ಇಡುತ್ತಿರುತ್ತಾರೆ. ಬೂದುಗುಂಬಳ ಒಡೆಯುವಾಗ ಕುಂಕುಮದ ನೀರು ಅವುಗಳ ಮೇಲೆ ಸಿಡಿಯದಂತೆ ಅಡ್ಡ ನಿಂತು ತಮ್ಮ ಬಿಳಿ ಷರಟನ್ನೇ ಬಲಿ ಕೊಡುತ್ತಾರೆ.

ಅವರಿಗೆ ಕಲಿಯುವುದರ ಮೇಲೆ ತಕರಾರಿಲ್ಲ. ತಕರಾರು ಇರುವುದು ಪರೀಕ್ಷೆಯ ಮೇಲೆ. “ಅದೇನ್ರೀ, ವಾಚ್ ಬಿಚ್ಚಿ, ಜೇಬು ಹೊರಗೆಳೀರಿ, ಕನ್ನಡಕ ಕೊಡಿ ನೋಡೋಣ ಅಂತಾರೆ! ನಾನೇನು ಪರೀಕ್ಷೆಗ್ ಹೋಗಿದೀನೋ ಪರಪ್ಪನ ಅಗ್ರಹಾರಕ್ಕೋ?” ಎಂದು ಹಳೆಯ ಗಾಯ ತೋರಿಸುತ್ತಾರೆ.

ಆದ್ದರಿಂದ ವಿನಾಯಿತಿಯ ಕಾನೂನಿನಲ್ಲಿ ಅವರಷ್ಟು ಪಳಗಿದ ವಕೀಲರು ಹೈಕೋರ್ಟಿನಲ್ಲೂ ಸಿಗಲಾರರು. ಸಿಸ್ಕೋದ ಸಿಸಿಎನ್‌ಎ ಮೂರು ವರ್ಷಕ್ಕೆ ಹಳಸುತ್ತದೆ. ಮತ್ತೆ ಪರೀಕ್ಷೆ ಬರೆಯಬೇಕು, ಇಲ್ಲವೇ 30 ಕ್ರೆಡಿಟ್ ಕೂಡಿಸಬೇಕು. ಅಧಿಕೃತ ತರಗತಿಯಲ್ಲಿ ಕೂತರೆ ಕ್ರೆಡಿಟ್ ತಾನಾಗಿ ಬಂದು ಬೀಳುತ್ತದೆ. ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ಸಿಗೂ ಮೂರೇ ವರ್ಷ. ಆ ಸಂಸ್ಥೆಯೇ ಮಾರುವ ಸರ್ಟ್‌ಮಾಸ್ಟರ್ ಸಿಇ ಎಂಬ ಆನ್‌ಲೈನ್ ಪಾಠ ಕೊಂಡು ಮುಗಿಸಿದರೆ ಪರೀಕ್ಷೆ ಮಾಫಿ. ಅದೇ ಸಂಸ್ಥೆಯ ಎ ಪ್ಲಸ್ ಕಥೆ ಇನ್ನೂ ರಂಜನೀಯ. 2011ರ ಜನವರಿಯಿಂದ ಅದಕ್ಕೂ ಮೂರು ವರ್ಷದ ಗಡುವು ಬಂತು. ಹಳಬರಿಗೂ ಅದನ್ನೇ ಅನ್ವಯಿಸಲು ಹೊರಟಿದ್ದ ಸಂಸ್ಥೆ, ಗಲಾಟೆ ಎದ್ದದ್ದರಿಂದ ಹಿಂದೆ ಸರಿದು, 2010 ಮುಗಿಯುವುದರೊಳಗೆ ಪಡೆದವರದನ್ನು ಆಜೀವವಾಗಿ ಉಳಿಸಿತು. ಬ್ಯಾಡ್ಜಪ್ಪನವರದು 2010ರ ಡಿಸೆಂಬರಿನದು. ಅದನ್ನು ಅವರು ಕರೆಯುವುದೇ ‘ಚಿರಂಜೀವಿ’ ಎಂದು. ಅದಕ್ಕಾಗಿ ಓದಿದ್ದ ಕಂಪ್ಯೂಟರುಗಳೆಲ್ಲ ಗುಜರಿ ಸೇರಿ ಎಷ್ಟೋ ಕಾಲವಾಯಿತು ಅಂದರೆ ಮುಖ ಗಂಟಿಕ್ಕುತ್ತಾರೆ.

ಮೈಕ್ರೋಸಾಫ್ಟ್ 2021ರಿಂದ ನವೀಕರಣಕ್ಕೆ ಪುಕ್ಕಟೆ ಆನ್‌ಲೈನ್ ಪರೀಕ್ಷೆ ಇಟ್ಟಿದೆ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ನನಗಂತೂ ಅದು ಎಲ್ಲರಿಗೂ ಒಂದೇ ಅಳತೆಯ ಏರ್ಪಾಡು ಅನ್ನಿಸುತ್ತದೆ. ಬ್ಯಾಡ್ಜಪ್ಪನವರಿಗೆ ರುಚಿಸದು. ಅದರಲ್ಲಿ ಮಧ್ಯಾಹ್ನದ ಊಟ ಇಲ್ಲವಂತೆ.

ಊಟವಿರುವ ತರಗತಿಯಲ್ಲಿ ಅವರನ್ನು ನೋಡಬೇಕು. ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು, ಏಸಿಯ ಗಾಳಿ ನೇರ ಬೀಳದ, ಚಾರ್ಜರ್ ಪಾಯಿಂಟಿಗೆ ಹತ್ತಿರದ, ಬಾಗಿಲಿಗೆ ಇನ್ನೂ ಹತ್ತಿರದ ಕುರ್ಚಿಯ ಮೇಲೆ ಕರ್ಚೀಫು ಹಾಸುತ್ತಾರೆ. ಪುಕ್ಕಟೆ ಪೆನ್ನು ಎರಡು, ಒಂದು ಮಗಳಿಗೆ. ಹಾಜರಿ ಪುಸ್ತಕದಲ್ಲಿ ದುಂಡಗಿನ ಸಹಿ. ಆನ್‌ಲೈನ್ ತರಗತಿಯಾದರೆ ಕ್ಯಾಮೆರಾ ಆಫ್, ಒಂದು ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಹುರುಳಿಕಾಯಿ ನಾರು. ಮೇಷ್ಟ್ರು ‘ಎಲ್ಲರಿಗೂ ಅರ್ಥವಾಯಿತೇ?’ ಅಂದ ಕೂಡಲೇ ಚಾಟ್ ಪೆಟ್ಟಿಗೆಯಲ್ಲಿ ಬೀಳುವ ಮೊದಲ ‘ಯೆಸ್ ಸರ್’ ಅವರದು. ಒಮ್ಮೆ ಮೇಷ್ಟ್ರು ಕೇಳಿದ್ದು ‘ಯಾರಿಗೆ ಅರ್ಥವಾಗಿಲ್ಲ?’ ಅಂತ. ಅದಕ್ಕೂ ಮೊದಲ ‘ಯೆಸ್ ಸರ್’ ಅವರದೇ.

ಅವರಿಗೆ ಪ್ರಿಯವಾದದ್ದು ಸ್ಕ್ರಮ್. ಎರಡು ದಿನ ಕೂತು ಎದ್ದರೆ ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್, ಪರೀಕ್ಷೆಯೇ ಇಲ್ಲ ಎಂಬ ಸತ್ಯಯುಗವೊಂದು ಇತ್ತು. ಈಗ ತರಗತಿಯ ಜೊತೆಗೆ 50 ಪ್ರಶ್ನೆಗಳ ಪರೀಕ್ಷೆಯೂ ಇದೆ, 37 ಸರಿ ಇದ್ದರೆ ಸಾಕು. ಆ ಸರ್ಟಿಫಿಕೇಟು ಕೊಡುವ ಸ್ಕ್ರಮ್ ಅಲಯನ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಶ್ವೇಬರ್ 2009ರಲ್ಲಿ ಅಲ್ಲಿಂದ ಹೊರಬಂದು ಸ್ಕ್ರಮ್ ಡಾಟ್ ಆರ್ಗ್ ಆರಂಭಿಸಿದರು. ಅಲ್ಲಿ ತರಗತಿಯ ಕಡ್ಡಾಯವೇ ಇಲ್ಲ. ಎಲ್ಲಿ ಬೇಕಾದರೂ ಓದಿ, 60 ನಿಮಿಷದಲ್ಲಿ 80 ಪ್ರಶ್ನೆ, ಶೇಕಡಾ 85 ಬರಬೇಕು. ಇದನ್ನು ಹೇಳಿದರೆ ಬ್ಯಾಡ್ಜಪ್ಪನವರು “ಮೇಷ್ಟ್ರಿಲ್ಲದ ವಿದ್ಯೆ ಅದು” ಎಂದು ಕೈ ಕೊಡವುತ್ತಾರೆ. ವಿಎಂವೇರ್‌ನವರು ಬಹುಕಾಲ ಇದಕ್ಕೆ ತದ್ವಿರುದ್ಧವಾಗಿ, ಪರೀಕ್ಷೆ ಪಾಸಾದರೂ ಅಧಿಕೃತ ತರಗತಿಗೆ ಬಾರದವರಿಗೆ ವಿಸಿಪಿ ಎಂಬ ತಮ್ಮ ಸರ್ಟಿಫಿಕೇಟು ಕೊಡುತ್ತಿರಲಿಲ್ಲ. ಆ ಕಂಪನಿಯ ಮೇಲೆ ಅವರಿಗೆ ಈಗಲೂ ಪೂಜ್ಯಭಾವ.

ಇಷ್ಟು ಹೇಳಿದ ಮೇಲೆ ಅವರಿಗೆ ಏನೂ ಬರದು ಅಂದುಕೊಳ್ಳುವುದು ಸುಲಭ. ನಾನೂ ಹಾಗೆ ಬರೆದು ಮುಗಿಸಬಹುದಿತ್ತು, ಆದರೆ ಆ ಬ್ಯಾಕಪ್ ಲಿಂಕಿನ ಪ್ರಸಂಗ ಬಿಡುವುದಿಲ್ಲ. ಲಿಂಕು ಜೀವಂತವಿದೆ, ಪಿಂಗ್ ಹೋಗುತ್ತಿದೆ, ಫೈಲು ಮಾತ್ರ ತೆವಳುತ್ತಿದೆ. ನಮ್ಮಲ್ಲೊಬ್ಬ ಡಂಪ್ ಗಿರಾಕಿಯಿದ್ದ. ಕದ್ದ ಪ್ರಶ್ನೆಪತ್ರಿಕೆ ಉರುಹೊಡೆದು ಸಾವಿರಕ್ಕೆ ಒಂಬೈನೂರು ಮೀರಿಸಿದವನು. ಎ ಬಿ ಸಿ ಡಿ ಆಯ್ಕೆಗಳಿಲ್ಲದ ತೊಂದರೆ ಅವನ ಜಾತಕದಲ್ಲೇ ಇರಲಿಲ್ಲ. ಕಾಫಿ ಹಿಡಿದು ಬಂದ ಬ್ಯಾಡ್ಜಪ್ಪನವರು, “ಒಂದು ಕಡೆ ಫುಲ್ ಡ್ಯೂಪ್ಲೆಕ್ಸು, ಇನ್ನೊಂದು ಕಡೆ ಆಟೊ ಇದೆಯಾ ನೋಡ್ರಪ್ಪಾ” ಅಂದರು. ಇತ್ತು. ಆಟೊ ಇದ್ದ ಕಡೆ ತಾನಾಗಿ ಹಾಫ್ ಡ್ಯೂಪ್ಲೆಕ್ಸಿಗೆ ಇಳಿದಿತ್ತು. ಸರಿಪಡಿಸಿದ್ದೇ ತಡ ಫೈಲು ಓಡಿತು. “ಕ್ಲಾಸ್‌ನಲ್ಲಿ ಮೇಷ್ಟ್ರು ಹೇಳಿದ್ರು. ಊಟ ಆದ್ಮೇಲೆ. ಅವತ್ತು ಬಿಸಿಬೇಳೆಬಾತು” ಎಂದರು.

ಹೀಗಾಗಿ ತರಗತಿಗೆ ಕೂತವನಿಗೆ ಪರೀಕ್ಷೆ ಮಾಫಿ ಅನ್ನುವುದರಲ್ಲೇ ಮೋಸವಿದೆ ಎಂದು ನನಗನ್ನಿಸುವುದಿಲ್ಲ. ಮೋಸ ಕುರ್ಚಿಯಲ್ಲಿದೆ. ಆ ಕುರ್ಚಿಯ ಬೆಲೆ ಕಂಪನಿ ಕೊಡುತ್ತದೆ, ಕೊಡುವುದು ಸೀನಿಯಾರಿಟಿ ನೋಡಿ. ನಮ್ಮ ತಂಡದಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನೊಬ್ಬನಿದ್ದಾನೆ, ಕಾಂಟ್ರಾಕ್ಟಿನವನು. ಸಿಸಿಎನ್‌ಎ ಪರೀಕ್ಷೆಯ 300 ಡಾಲರನ್ನು ಸ್ವಂತ ಜೇಬಿನಿಂದ ಕಟ್ಟಿ, ಪಿಜಿಯ ಮಂಚದ ಮೇಲೆ ರಾತ್ರಿಯೆಲ್ಲ ಓದಿ ಪಾಸಾದ. ನಪಾಸಾಗಿದ್ದರೆ ದುಡ್ಡೂ ಹೋಗುತ್ತಿತ್ತು. ಅವನ ಬಿಲ್ಲೆಯೂ ಬ್ಯಾಡ್ಜಪ್ಪನವರ ಬಿಲ್ಲೆಯೂ ಪಕ್ಕಪಕ್ಕ ಇಟ್ಟರೆ ಕಂಪನಿಯ ಕಾಸು ಯಾವುದರಲ್ಲಿ, ಹುಡುಗನ ಕಾಸು ಯಾವುದರಲ್ಲಿ ಎಂದು ಎಚ್‌ಆರ್‌ಗೆ ಗೊತ್ತಾಗುವುದಿಲ್ಲ.

ಮೊನ್ನೆ ಹೊಸ ತರಗತಿಗೆ ಹೆಸರು ಕೇಳಿದರು. ಇರುವುದು ಒಂದೇ ಜಾಗ, ಶಿಫಾರಸು ಬ್ಯಾಡ್ಜಪ್ಪನವರದು. ಹುಡುಗ ಹೋಗಿ ತಲೆ ಕೆರೆಯುತ್ತ ನಿಂತ.

“ಸರ್, ಈ ಸಲ ನನ್ನ ಹೆಸರು ಕೊಡ್ತೀರಾ? ನಂದು ಮುಂದಿನ ವರ್ಷ ಎಕ್ಸ್‌ಪೈರ್ ಆಗತ್ತೆ.”

ಬ್ಯಾಡ್ಜಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು.

“ನಿಂಗ್ಯಾಕ್ ಮಗಾ ಕ್ಲಾಸು? ನೀನು ಜಾಣ, ಪರೀಕ್ಷೆ ಬರೆದೇ ಪಾಸಾಗ್ತೀಯ.”