ಕ್ರೀತಾನುಶಯ ವಿಚಾರವು: ಹಳೆಯ ಕೂಲರುಗಳ ಪ್ರತ್ಯಾಗಮನವನ್ನು ಕುರಿತು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಆ ಸುದೀರ್ಘ ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವನೆಂಬುದು ಈ ಸೀಮೆಯವರಿಗೆಲ್ಲ ಹೆಮ್ಮೆಯ ಸಂಗತಿಯಾಗಿದ್ದರೂ, ಆ ಮಹಾಗ್ರಂಥದಿಂದ ದಾಯಭಾಗವೊಂದನ್ನು ಮಾತ್ರ ಎತ್ತಿಕೊಂಡ ಲೋಕವು ಮಿಕ್ಕ ವ್ಯವಹಾರಪದಗಳನ್ನು ಧೂಳಿಗೆ ಬಿಟ್ಟುದು ವಿಷಾದಾಸ್ಪದವಾಗಿದೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ಪಂಡಿತನು ಅದನ್ನು ಭಾಷಾಂತರಿಸಿ ಪ್ರಕಟಿಸಿದಾಗಲೂ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಭಾಗವನ್ನೇ ಆಯ್ದುಕೊಂಡನು. ಕೊಂಡ ಮಾಲನ್ನು ಪಶ್ಚಾತ್ತಾಪಪಟ್ಟು ವಾಪಸು ಮಾಡುವ, ಕ್ರೀತಾನುಶಯವೆಂಬ ಭಾಗವನ್ನು ಕೈಬಿಟ್ಟನು. ಆತನು ಹಳೆಯ ಕೂಲರೊಂದನ್ನು ಮೊಬೈಲಿನಲ್ಲಿ ಮಾರಿದ ಅನುಭವವುಳ್ಳವನಲ್ಲವಾದುದರಿಂದ ಈ ಲೋಪವನ್ನು ಮನ್ನಿಸಬಹುದು. ನಮ್ಮವರನ್ನು ಮನ್ನಿಸುವುದು ಕಷ್ಟ.

ಕೂಲರನ್ನೇ ಏಕೆ ಆರಿಸಿಕೊಂಡೆನೆಂದು ಕೇಳುವ ಓದುಗರು ಏಪ್ರಿಲ್ ತಿಂಗಳಲ್ಲಿ ಕಲಬುರಗಿಯನ್ನು ಕಾಣದವರಾಗಿರಬೇಕು. ಉಷ್ಣಮಾಪಕದ ಪಾದರಸವು 42 ಡಿಗ್ರಿಯನ್ನು ದಾಟಿ, ಸೂಪರ್ ಮಾರ್ಕೆಟ್ಟಿನ ರಸ್ತೆಗಳು ಮಧ್ಯಾಹ್ನಕ್ಕೆಲ್ಲ ನಿರ್ಜನವಾಗುವ ಆ ಋತುವಿನಲ್ಲಿ, ಹಿಂಬದಿಯ ಹುಲ್ಲು ತೊಯ್ದು ವಾಸನೆ ಬೀರುತ್ತಿರುವ ಒಂದು ತಗಡಿನ ಕೂಲರು ಗೃಹದೇವತೆಯ ಸ್ಥಾನವನ್ನು ಪಡೆಯುತ್ತದೆ. ಜೂನ್ ತಿಂಗಳಲ್ಲಿ ಮಿರಗದ ಮಳೆ ಎರಡು ಸಲ ಸುರಿಯಿತೋ, ಅದೇ ದೇವತೆಯು ಬಾಗಿಲಿಗೆ ಅಡ್ಡವಾದ ತಗಡಿನ ಪೆಟ್ಟಿಗೆಯಾಗಿ ಪರಿಣಮಿಸುತ್ತದೆ. ವಸ್ತುವೊಂದರ ದೋಷಗಳು ಋತುಮಾನವನ್ನನುಸರಿಸಿ ಪ್ರಕಟವಾಗುತ್ತವೆಂಬ ಈ ತತ್ತ್ವವು ಪ್ರಸ್ತುತ ಶಾಸ್ತ್ರಕ್ಕೆ ಅಸ್ತಿವಾರವಾಗಿದೆ.

ದೃಷ್ಟಾಂತಕ್ಕೆಂದು ಹೀಗೆ ಕಲ್ಪಿಸಿಕೊಳ್ಳೋಣ. ಕಲಬುರಗಿಯ ಬ್ರಹ್ಮಪುರದಲ್ಲಿ ವಾಸಿಸುವ ವಿಕ್ರಯಿಯೊಬ್ಬನು, 6,000 ರೂಪಾಯಿಗೆ ಕೊಂಡು ನಾಲ್ಕು ಬೇಸಿಗೆ ಬಳಸಿದ ಕೂಲರನ್ನು 3,000ಕ್ಕೆ ಮಾರುವುದಾಗಿ ಮೊಬೈಲಿನ ಮಾರುಕಟ್ಟೆಯಲ್ಲಿ ಪ್ರಕಟಿಸುತ್ತಾನೆ. ಕಮಲಾಪುರದ ಕ್ರಯಿಯೊಬ್ಬನು, “ಲಾಸ್ಟ್ ಎಷ್ಟಕ್ಕ ಕೊಡ್ತೀರಿ?” ಎಂಬ ಸನಾತನ ಪ್ರಶ್ನೆಯಿಂದ ಆರಂಭಿಸಿ, ಮೂರು ದಿನ ಚೌಕಾಸಿ ಮಾಡಿ, ಒಂದು ರೂಪಾಯಿಯೂ ಇಳಿಯದಿರಲು ಸೋತು, ಗೂಡ್ಸ್ ಆಟೋ ಮಾಡಿಕೊಂಡು ಬಂದು, ಸೌಹಾರ್ದಕ್ಕೆಂದು ತನ್ನ ಊರಿನ ಪ್ರಸಿದ್ಧ ಕೆಂಪು ಬಾಳೆಯ ಒಂದು ಚಿಪ್ಪನ್ನೂ ಕೊಟ್ಟು, ಮಾಲನ್ನು ಒಯ್ಯುತ್ತಾನೆ. ತದನಂತರ ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಮಳೆಯಾಯಿತು, ಫೋನು ಬಂದಿತು.

“ಅಣ್ಣಾ, ನಿಮ್ಮ ಕೂಲರ್ ಗಾಳಿನೇ ಬರವಲ್ದು. ವಾಪಸ್ ತಗೊಂಡು ರೊಕ್ಕ ಹಾಕ್ರಿ.”

“ಎರಡು ತಿಂಗಳು ಹ್ಯಾಂಗ ನಡೀತ್ರಿ ಮತ್ತ?”

“ಆವಾಗ ಬರ್ತಿತ್ರಿ. ಈಗ ಬರವಲ್ದು.”

ಇಲ್ಲಿ ಸ್ಮೃತಿಕಾರರ ಮೊರೆ ಹೋಗುವುದು ಅನಿವಾರ್ಯ. ಕೊಂಡವನಾಗಲಿ ಮಾರಿದವನಾಗಲಿ ಪಶ್ಚಾತ್ತಾಪಪಟ್ಟರೆ ಹತ್ತು ದಿನಗಳೊಳಗೆ ವ್ಯವಹಾರವನ್ನು ಮುರಿಯಬಹುದೆಂದು ಮನುವು ಉದಾರವಾಗಿ ವಿಧಿಸಿದ್ದಾನೆ. ಮಾರಿದವನಿಗೂ ಅನುಶಯವುಂಟೆಂಬ ಸೂಕ್ಷ್ಮವನ್ನು ಓದುಗರು ನೆನಪಿನಲ್ಲಿಡಬೇಕು. ಯಾಜ್ಞವಲ್ಕ್ಯನಾದರೋ ವಸ್ತುಭೇದವನ್ನನುಸರಿಸಿ ಪರೀಕ್ಷಾಕಾಲವನ್ನು ಗೊತ್ತುಮಾಡಿದ್ದಾನೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಹಿಂಡುವ ಪಶುವಿಗೆ ಮೂರು ದಿನ. (ಮನುಷ್ಯರನ್ನೂ ಇದೇ ಪಟ್ಟಿಗೆ ಸೇರಿಸಿ, ಅವರನ್ನು ಪರೀಕ್ಷಿಸಲು ಹೆಚ್ಚು ದಿನಗಳನ್ನು ಕೊಟ್ಟುದು ಆ ಕಾಲದ ಕಳಂಕ, ಶಾಸ್ತ್ರಗೌರವವು ಅದನ್ನು ಮುಚ್ಚಲಾರದು.) ಇಷ್ಟೆಲ್ಲ ಹೇಳಿದ ಮುನಿಯು ಕೂಲರಿನ ವಿಷಯದಲ್ಲಿ ಮೌನ ವಹಿಸಿರುವುದರಿಂದ, ಅದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ವಾದವು ಹುಟ್ಟುತ್ತದೆ.

ಒಂದು ಪೂರ್ವಪಕ್ಷದ ಪ್ರಕಾರ, ಕೂಲರು ದಿನವೆಲ್ಲ ದುಡಿಯುತ್ತದೆ, ಕೊಡಗಟ್ಟಲೆ ನೀರು ಕುಡಿಯುತ್ತದೆ, ಆಗಾಗ ಮೊಂಡು ಹಿಡಿದು ನಿಲ್ಲುತ್ತದೆ, ಪಕ್ಕಕ್ಕೆ ಗುದ್ದಿದರೆ ಮತ್ತೆ ನಡೆಯುತ್ತದೆ. ಆದಕಾರಣ ಅದು ಎತ್ತಿನ ಜಾತಿಗೆ ಸೇರಿದುದು, ಐದು ದಿನ ಸಲ್ಲಬೇಕು. ಮತ್ತೊಂದು ಪಕ್ಷದವರು, ಅದರ ತಳದಿಂದ ಹಗಲಿರುಳೂ ನೀರು ಸ್ರವಿಸುವುದನ್ನು ಸಾಕ್ಷ್ಯವಾಗಿ ತೋರಿಸಿ, ಇದು ಹಿಂಡುವ ಪಶುವೆಂದೂ ಮೂರೇ ದಿನವೆಂದೂ ಸಾಧಿಸುತ್ತಾರೆ. ಮೇ ತಿಂಗಳ ಮಧ್ಯಾಹ್ನದಲ್ಲಿ ಅದು ರತ್ನವೇ ಸರಿಯೆಂಬ ಮೂರನೆಯ ಮತವು ಭಾವುಕವಾದುದು, ಜೂನಿನಲ್ಲಿ ನಿಲ್ಲುವುದಿಲ್ಲ. ನಮ್ಮ ಸಿದ್ಧಾಂತವಾದರೋ, ಮೈ ತಗಡಾಗಿರುವುದರಿಂದಲೂ, ತೂತು ಬಿದ್ದ ಮೇಲೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದರಿಂದಲೂ, ಕೂಲರು ಕಬ್ಬಿಣವೇ ಸೈ. ಅದಕ್ಕೆ ಸಲ್ಲುವುದು ಒಂದು ದಿನ. ಐದು ದಿನವೆಂದೊಪ್ಪಿದರೂ ಎರಡು ತಿಂಗಳು ಬಳಸಿದ ಕ್ರಯಿಗೆ ಅದರಿಂದ ಬರುವ ಲಾಭವೇನೂ ಇಲ್ಲವಾದುದರಿಂದ, ಈ ವಾದವೆಲ್ಲ ಕೇವಲ ಪಾಂಡಿತ್ಯಕ್ಕಾಗಿ ನಡೆದುದೆಂದು ತಿಳಿಯತಕ್ಕದ್ದು.

ಸ್ಮೃತಿಕಾರರಲ್ಲಿ ನಾರದನು ಇನ್ನೂ ವ್ಯವಹಾರಜ್ಞನು. ಕೊಂಡದ್ದು ಸರಿಯಾಗಲಿಲ್ಲವೆಂದು ತೋರಿದರೆ, ಕೆಡಿಸದೆ ಅದೇ ದಿನ ಹಿಂದಿರುಗಿಸಬಹುದು. ಎರಡನೆಯ ದಿನವಾದರೆ ಬೆಲೆಯಲ್ಲಿ ಮೂವತ್ತನೆಯ ಒಂದಂಶ ಕಡಿತ, ಮೂರನೆಯ ದಿನ ಅದರ ಇಮ್ಮಡಿ, ಆಮೇಲೆ ಮಾಲು ಕೊಂಡವನದೇ. ನಮ್ಮ ಕೂಲರಿಗೆ ಲೆಕ್ಕ ಹಾಕಿದರೆ ಎರಡನೆಯ ದಿನ 100 ರೂಪಾಯಿ, ಮೂರನೆಯ ದಿನ 200. ಅಷ್ಟೇ ಅಲ್ಲ, ಉಟ್ಟು ಮಾಸಿದ ಬಟ್ಟೆಯು ದೋಷವುಳ್ಳದ್ದಾಗಿದ್ದರೂ ಮಾರಿದವನಿಗೆ ಮರಳದೆಂದೂ ವಿಧಿಸಿದ್ದಾನೆ; ಎರಡು ತಿಂಗಳು ಬೋರಿನ ಗಡಸು ನೀರು ಕುಡಿದು, ಉಪ್ಪು ಕಟ್ಟಿ, ಕಡ್ಡಿಕಡ್ಡಿಯಾಗಿ ಸೆಟೆದು ನಿಂತ ಕೂಲರಿನ ಹುಲ್ಲನ್ನು ಕಂಡವರಾರೂ ಈ ವಿಧಿಯ ಅನ್ವಯವನ್ನು ಸಂದೇಹಿಸಲಾರರು. ಅಗಸನು ಬಟ್ಟೆ ಕಳೆದಾಗ ಕೊಡಬೇಕಾದ ಮೌಲ್ಯವನ್ನು ನಿರ್ಣಯಿಸುವಲ್ಲಿ ಆತನು ಹೇಳುವ ಸವಕಳಿಯ ಲೆಕ್ಕವಂತೂ ಅದ್ಭುತವಾದುದು: ಒಂದು ಸಲ ಒಗೆದ ಬಟ್ಟೆಗೆ ಎಂಟನೆಯ ಒಂದಂಶ ಕಳೆ, ಎರಡು ಸಲಕ್ಕೆ ಕಾಲುಭಾಗ, ಮೂರಕ್ಕೆ ಮೂರನೆಯ ಒಂದಂಶ, ನಾಲ್ಕಕ್ಕೆ ಅರ್ಧ. ಬೇಸಿಗೆಯೊಂದನ್ನು ಒಂದು ಒಗೆತವೆಂದು ಭಾವಿಸಿದರೆ, ನಾಲ್ಕು ಬೇಸಿಗೆ ಕಂಡ 6,000ದ ಕೂಲರಿಗೆ 3,000 ಎಂಬುದು ಅಕ್ಷರಶಃ ಸ್ಮೃತಿಸಮ್ಮತವಾದ ಬೆಲೆಯಾಗುತ್ತದೆ. ಆದರೆ ತೀರ ಜೀರ್ಣವಾದುದಕ್ಕೆ ಕಳೆಯುವ ನಿಯಮವೇ ಇಲ್ಲವೆಂದೂ ಆತನೇ ನುಡಿದಿದ್ದಾನೆ. ಮೊಬೈಲಿನ ಹಳೇ ಮಾಲಿನ ಪೇಟೆಯೆಲ್ಲ ಈ ಕೊನೆಯ ಉಪವಿಧಿಯ ನೆರಳಿನಲ್ಲೇ ಜೀವಿಸುತ್ತಿದೆ.

ಕ್ರಯಿಯ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕಷ್ಟೆ. ವಿಕ್ರಯಿಯು ಪ್ರಕಟಿಸಿದ ಛಾಯಾಚಿತ್ರವನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ, ಕೂಲರಿನ ಎಡ ಮಗ್ಗುಲು ಮಾತ್ರ ಬೆಳಕಿಗೆ ಮೈಯೊಡ್ಡಿಕೊಂಡಿದ್ದು, ಬಲ ಮಗ್ಗುಲಿನ ತುಕ್ಕಿನ ಎದುರಿಗೆ ಸ್ಟೀಲಿನ ಕೊಡವೊಂದು ಆಕಸ್ಮಿಕವಾಗಿಯೆಂಬಂತೆ ನಿಂತಿರುವುದು ಗೋಚರಿಸುತ್ತದೆ. ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಕೊಟ್ಟವನು ಇಮ್ಮಡಿ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕೆಂಬುದು ನಾರದನ ಶಾಸನ. ಆದರೆ ಕೊಳ್ಳುವವನು ಮೊದಲು ತಾನೇ ಗುಣದೋಷಗಳನ್ನು ಪರೀಕ್ಷಿಸಬೇಕೆಂದೂ, ಪರೀಕ್ಷಿಸಿ ಒಪ್ಪಿಕೊಂಡದ್ದು ಹಿಂದಿರುಗದೆಂದೂ ಅವನದೇ ಮಾತು; ನಮ್ಮ ಕ್ರಯಿಯು ಮನೆಗೆ ಬಂದು, ಸ್ವಿಚ್ಚು ಹಾಕಿಸಿ, ಗಾಳಿಗೆ ಮುಖವೊಡ್ಡಿ, “ಛಲೋ ಅದ” ಎಂದವನು. ಕೊಡವನ್ನು ಸರಿಸಿ ನೋಡದಿದ್ದುದು ಅವನ ಪ್ರಮಾದ.

ಆಧುನಿಕ ಶಾಸನಗಳು ಇದಕ್ಕಿಂತ ಮುಂದೆ ಹೋಗಿಲ್ಲ. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣವು ಮಾಲು ವರ್ಣನೆಗೆ ಹೊಂದಬೇಕೆನ್ನುತ್ತದೆ. 16ನೆಯದು, ಅಂಥ ಮಾಲನ್ನು ಮಾರುವ ವರ್ತಕನಲ್ಲದವನ ತಲೆಯ ಮೇಲೆ ಗುಣಮಟ್ಟದ ಹೊರೆಯನ್ನು ಸಾಮಾನ್ಯವಾಗಿ ಹೇರುವುದಿಲ್ಲ. ಆ ಶಾಸನ ಹುಟ್ಟಿದಾಗ ಕಲಬುರಗಿಯು ನಿಜಾಮನ ಅಧೀನದಲ್ಲಿತ್ತೆಂಬುದು ಬೇರೆ ಮಾತು. “ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ” ಎಂದು ಕ್ರಯಿಯು ಗರ್ಜಿಸಿದರೂ, 2020ರ ಇ-ವಾಣಿಜ್ಯ ನಿಯಮಗಳು ವ್ಯಾಪಾರವೃತ್ತಿಯಲ್ಲದೆ ತನ್ನ ಸ್ವಂತಕ್ಕೆ ಏನನ್ನೋ ಮಾರುವ ವ್ಯಕ್ತಿಯನ್ನು ಹೊರಗಿಟ್ಟಿವೆ. ವರ್ಷಕ್ಕೆ ಹನ್ನೆರಡು ಕೂಲರುಗಳನ್ನು ‘ಸ್ವಂತದ್ದು’ ಎಂದು ಮಾರುವ ಸಜ್ಜನರಿಗೆ ಈ ರಕ್ಷಣೆಯು ಸಿಕ್ಕುವುದು ಸಂಶಯಾಸ್ಪದ.

ಚೌಕಾಸಿಯನ್ನೇ ಮಾಡದ ಕ್ರಯಿಯು ಪ್ರತ್ಯೇಕ ಜಾತಿಯವನು. ತಾನು ಸೈನ್ಯದಲ್ಲಿರುವವನೆಂದು ಹೇಳಿಕೊಂಡು, ಮಾಲನ್ನು ನೋಡದೆ ಕೇಳಿದ ಬೆಲೆಗೆ ಒಪ್ಪಿ, ಹಣ ಕಳುಹಿಸುವೆನೆಂದು ಕ್ಯೂಆರ್ ಕೋಡನ್ನು ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆನ್ನುವ ಇವನ ವಿಷಯದಲ್ಲಿ ಅನುಶಯವೆಲ್ಲ ಮಾರುವವನದೇ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಡವೆಂಬುದು ಹೆಚ್ಚಿನವರಿಗೆ ಹೊಳೆಯುವುದು ಒತ್ತಿದ ಮೇಲೆಯೇ. ಆಗ ತಡಮಾಡದೆ ಕರೆಯಬೇಕಾದ ಸೈಬರ್ ಸಹಾಯವಾಣಿಯ ಸಂಖ್ಯೆಯೂ 1930 ಆಗಿರುವುದು ಕಾಕತಾಳೀಯವೋ ಶಾಸ್ತ್ರಸಂಗತಿಯೋ ಎಂಬುದನ್ನು ಮುಂದಿನ ಸಂಶೋಧಕರು ವಿಚಾರಿಸಲಿ.

ಇನ್ನುಳಿದುದು ಬಾಳೆಹಣ್ಣಿನ ಪ್ರಶ್ನೆ. ವ್ಯವಹಾರವು ಮುರಿದರೆ ಎರಡು ಪಕ್ಷದವರೂ ಪಡೆದುದನ್ನು ಮರಳಿಸಬೇಕೆಂಬ ನ್ಯಾಯದಂತೆ, ವಿಕ್ರಯಿಯ ಮಕ್ಕಳು ಅಂದೇ ತಿಂದು ಮುಗಿಸಿದ ಕೆಂಪು ಬಾಳೆಯನ್ನು ಹೇಗೆ ಹಿಂದಿರುಗಿಸುವುದು? ಭೌಗೋಳಿಕ ಮಾನ್ಯತೆಯುಳ್ಳ ಆ ಹಣ್ಣಿಗೆ ಏಲಕ್ಕಿ ಬಾಳೆಯನ್ನು ಬದಲಿಯಾಗಿ ಕೊಟ್ಟರೆ ಕಮಲಾಪುರದವರು ಒಪ್ಪುವರೇ? ಕ್ರಯಿಯು ಈ ಪ್ರಶ್ನೆಯನ್ನೆತ್ತಿದನು. ವಿಕ್ರಯಿಯು ಗೂಡ್ಸ್ ಆಟೋದ ಬಾಡಿಗೆಯ ಪ್ರಶ್ನೆಯನ್ನೆತ್ತಿದನು. ಬಾಡಿಗೆಯ ವಿಷಯದಲ್ಲಿ ಮಾತು ಅಲ್ಲಿಗೇ ನಿಂತಿತು.

ಮರುವರ್ಷ ಮಾರ್ಚ್ ತಿಂಗಳಲ್ಲಿ ಅದೇ ಎಡ ಮಗ್ಗುಲು, ಅದೇ ಸ್ಟೀಲಿನ ಕೊಡ, ಅದೇ ಛಾಯಾಚಿತ್ರವು ಕಮಲಾಪುರದಿಂದ ಪ್ರಕಟವಾಯಿತು: “ಒಂದೇ ಸೀಜನ್ ಯೂಸ್ ಮಾಡೇವಿ. ಕಂಡೀಷನ್ ಛಲೋ ಅದ. 3,500. ವಾಪಸ್ ಇಲ್ಲ.” ಕೂಲರಿಲ್ಲದೆ ಬೆವರುತ್ತ ಕುಳಿತಿದ್ದ ಬ್ರಹ್ಮಪುರದ ವಿಕ್ರಯಿಯು ತನ್ನ ಮನೆಯ ಕೊಡವನ್ನು ಆ ಚಿತ್ರದಲ್ಲಿ ಗುರುತಿಸಿ, ಕೆಲಹೊತ್ತು ಆಲೋಚಿಸಿ, ಬೆರಳಿನಿಂದ ಬರೆದನು: “ಲಾಸ್ಟ್ ಎಷ್ಟಕ್ಕ ಕೊಡ್ತೀರಿ?”