ಅಂಡಾಕಾರದ ಮೈದಾನ ಒದಗಿಸಿಕೊಡುವ ಕುರಿತು

ಇಂದ: ವಿಜಯನಗರದ ಒಬ್ಬ ತಾತ, ಬೆಂಗಳೂರು ಪಶ್ಚಿಮ
ಗೆ: ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಕಮಿಷನ್ನಿನ ಮಾನ್ಯ ಸದಸ್ಯರು, ಮೆಲ್ಬೋರ್ನ್
ಉಲ್ಲೇಖ: ಶ್ರೀ ಟಾಮ್ ವಿಲ್ಸ್ ಅವರ ಪತ್ರ, ದಿನಾಂಕ 10-7-1858

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಆಟವನ್ನು ಹೊರದೇಶಗಳಲ್ಲಿ ಬೆಳೆಸಲು ತಾವು ಪಡುತ್ತಿರುವ ಪಾಡು ನೋಡಲಾರದೆ ಈ ಪತ್ರ ಬರೆಯುತ್ತಿದ್ದೇನೆ. ಪತ್ರವೇ ಯಾಕೆಂದರೆ ತಮ್ಮ ಆಟ ಶುರುವಾಗಿದ್ದೂ ಒಂದು ಪತ್ರದಿಂದಲೇ. ಕ್ರಿಕೆಟಿಗ ಟಾಮ್ ವಿಲ್ಸ್ ‘ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ’ ಪತ್ರಿಕೆಗೆ ಒಂದು ಕಾಗದ ಹಾಕಿದರು. ಮರುವರ್ಷ ಮೇ ತಿಂಗಳಲ್ಲಿ ನಿಯಮಗಳೇ ಬರೆದು ಸಿದ್ಧವಾದವು. ನಮ್ಮ ಕಡೆ ಅರ್ಜಿ ಕೊಟ್ಟರೆ ಸೀಲು ಹೊಡೆದ ಒಂದು ಸ್ವೀಕೃತಿ ಸಿಗುತ್ತದೆ. ನಿಮಗೆ ಆಟವೇ ಸಿಕ್ಕಿತು.

ವಿಲ್ಸ್ ಸಾಹೇಬರ ಚಿಂತೆ ಇದ್ದದ್ದು, ಚಳಿಗಾಲದಲ್ಲಿ ಕ್ರಿಕೆಟ್ ಇಲ್ಲದೆ ಆಟಗಾರರ ಮೈ ಜಡ್ಡುಗಟ್ಟುತ್ತದಲ್ಲ ಎಂದು. ಮೊದಲ ತೊಡಕು ಇಲ್ಲೇ ಇದೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬಯಲಿಗೆ ಯಾವ ತಿಂಗಳಲ್ಲಿ ಬಂದರೂ ಕ್ರಿಕೆಟ್ ನಡೆಯುತ್ತಲೇ ಇರುತ್ತದೆ. ಒಂದೇ ಮೈದಾನದಲ್ಲಿ ಏಳೆಂಟು ಪಂದ್ಯ; ಒಬ್ಬರ ಲಾಂಗ್ ಆನ್ ಇನ್ನೊಬ್ಬರ ಸ್ಲಿಪ್ಪಿನಲ್ಲಿ ನಿಂತಿರುತ್ತಾನೆ. ಮೈ ಜಡ್ಡುಗಟ್ಟಲು ಪುರಸೊತ್ತಾದರೂ ಎಲ್ಲಿದೆ?

ತಮ್ಮ ದಿಗ್ವಿಜಯದ ದಾಖಲೆ ಓದಿದ್ದೇನೆ. 1972ರಲ್ಲೇ ಲಂಡನ್ನಿನ ಓವಲ್‌ನಲ್ಲಿ ಪ್ರದರ್ಶನ ಪಂದ್ಯ ಆಡಿಸಿದಿರಿ. 2013ರಲ್ಲಿ ವೆಲಿಂಗ್ಟನ್‌ಗೆ ಲೀಗ್ ಪಂದ್ಯವನ್ನೇ ಒಯ್ದಿರಿ. 2017ರ ಮೇ 14ರಂದು ಶಾಂಘೈನ ಜಿಯಾಂಗ್‌ವಾನ್ ಕ್ರೀಡಾಂಗಣದಲ್ಲಿ ಪೋರ್ಟ್ ಅಡಿಲೇಡ್ ಮತ್ತು ಗೋಲ್ಡ್ ಕೋಸ್ಟ್ ಅಂಕಗಳಿಗಾಗಿಯೇ ಸೆಣಸಿದವು; ಆ ಜಾತ್ರೆ 2019ರವರೆಗೆ ನಡೆದು ನಿಂತುಹೋಯಿತು. ಹೊರದೇಶದ ತಂಡಗಳಿಗೆಂದು 2002ರಲ್ಲಿ ಅಂತರರಾಷ್ಟ್ರೀಯ ಕಪ್ ಹೂಡಿದಿರಿ. 2008ರಲ್ಲಿ ಭಾರತವೂ ಮೊದಲ ಸಲ ಅದರಲ್ಲಿ ಆಡಿತು. ನಮ್ಮ ದೇಶದ ತಂಡ ಅಷ್ಟು ದೂರ ಹೋಗಿ ಈ ಆಟ ಆಡಿ ಬಂದದ್ದು ನಮ್ಮ ಬಡಾವಣೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಕೋವಿಡ್ ಬಂದು 2020ರ ಕಪ್ ನಡೆಯಲಿಲ್ಲ ಎಂಬುದೂ ಗೊತ್ತಾಗಲಿಲ್ಲ.

ಆದರೆ ತಾವು ಗಮನಿಸಿದ ಹಾಗೆ ಕಾಣದ ಸಂಗತಿ ಒಂದಿದೆ. ತಮ್ಮ ಆಟ ವಿಮಾನ ಹತ್ತಿ ಎಲ್ಲಿಗೆ ಹೋದರೂ ಬೇರು ಬಿಟ್ಟಿಲ್ಲ; ವಿಮಾನ ಹತ್ತಿ ತಮ್ಮಲ್ಲಿಗೆ ಬಂದವರೇ ಅದನ್ನು ಹಿಡಿದುಕೊಂಡರು. ಡಬ್ಲಿನ್ನಿನ ಜಿಮ್ ಸ್ಟೈನ್ಸ್ ಮೆಲ್ಬೋರ್ನಿಗೆ ಬಂದು ಕಲಿತು 1991ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದರು. ನೌರು ದೇಶ ಇರುವುದೇ 21 ಚದರ ಕಿಲೋಮೀಟರ್, ಅಲ್ಲಿ ಇದು ರಾಷ್ಟ್ರೀಯ ಕ್ರೀಡೆ. ಲೀಗ್ ಹೋಗಿ ಕಲಿಸಿದ್ದಲ್ಲ, ಗೀಲಾಂಗಿಗೆ ಓದಲು ಹೋದ ಅಲ್ಲಿನ ಹುಡುಗರು ಊರಿಗೆ ತಂದದ್ದು. ನಮ್ಮ ಪಾಲಿನ ಸೇವೆಯೂ ಇದೇ ದಾರಿಯಲ್ಲಿ ಸಂದಿದೆ. ಪಶ್ಚಿಮ ಬೆಂಗಳೂರು ತಮಗೆ ಎರಡು ದಶಕಗಳಿಂದ ಎಂಜಿನಿಯರುಗಳನ್ನು ಕಳಿಸುತ್ತಿದೆ. ತಮಾಷೆಯೆಂದರೆ ನಮ್ಮ ಪಶ್ಚಿಮ ಬಿಟ್ಟು ಹೊರಟವರು ಮೆಲ್ಬೋರ್ನಿನಲ್ಲಿಯೂ ಪಶ್ಚಿಮಕ್ಕೇ ಹೋಗಿ ಸೇರಿದ್ದಾರೆ: ಟಾರ್ನೀಟ್, ಪಾಯಿಂಟ್ ಕುಕ್, ವೆರಿಬೀ.

ಏಪ್ರಿಲ್ ಬಿಸಿಲು ತಪ್ಪಿಸಿಕೊಂಡು ಮೊಮ್ಮಗನನ್ನು ನೋಡಲು ಹೋದ ತಾತಂದಿರಿಗೆ ಅಲ್ಲಿ ಕಾದಿರುವುದು ಚಳಿ, ಅದರ ಜೊತೆಗೆ ಮಕ್ಕಳಿಗೆ ಈ ಆಟ ಕಲಿಸುವ ಆಸ್‌ಕಿಕ್. ವಾರಾಂತ್ಯದ ಬೆಳಿಗ್ಗೆ ಮಂಕಿ ಟೋಪಿ, ಎರಡು ಸ್ವೆಟರ್, ಕೈಯಲ್ಲಿ ಫ್ಲಾಸ್ಕು ಹಿಡಿದು ಹುಲ್ಲಿನಂಚಿನಲ್ಲಿ ನಿಲ್ಲಬೇಕು. ಆರು ವರ್ಷದ ಪೋರ ಚೆಂಡಿನ ಹೊಲಿಗೆ ಮುಂದೆ ಬರುವ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಮೇಲಕ್ಕೆ ಎಸೆಯುವುದಿಲ್ಲ, ಪಾದದ ಮೇಲೆ ಸುಮ್ಮನೆ ಬಿಡುತ್ತಾನೆ, ನೆಲ ಮುಟ್ಟುವ ಮೊದಲೇ ಒದೆಯುತ್ತಾನೆ. ಸರಿಯಾಗಿ ಬಿದ್ದರೆ ಚೆಂಡು ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ತಪ್ಪಿದರೆ ಪಕ್ಕದವನ ಮೊಣಕಾಲಿಗೆ. ಓಡುವಾಗ ಹದಿನೈದು ಮೀಟರಿಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕಂತೆ. ಕೋಳಿಮೊಟ್ಟೆಯ ಆಕಾರದ ವಸ್ತುವನ್ನು ಪುಟಿಸಿ ಅದು ತನ್ನ ಕೈಗೇ ವಾಪಸ್ ಬರುತ್ತದೆಂದು ನಂಬುವ ಜನಾಂಗದ ಆಶಾವಾದಕ್ಕೆ ನನ್ನ ನಮಸ್ಕಾರ.

ನಾಲ್ಕು ಕಂಬಗಳ ಲೆಕ್ಕ ಮಾತ್ರ ನನಗೆ ಒಂದೇ ಸಲಕ್ಕೆ ತಿಳಿಯಿತು. ನಡುವಿನ ಎರಡರ ಮಧ್ಯೆ ಹೋದರೆ ಆರು ಅಂಕ, ಗುರಿ ತಪ್ಪಿ ಪಕ್ಕದಲ್ಲಿ ಹೋದರೂ ಒಂದು. ಎಸ್ಸೆಸ್ಸೆಲ್ಸಿಯ ಕೃಪಾಂಕ ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಮ್ಮಗನ ತಂಡ ವೆಸ್ಟರ್ನ್ ಬುಲ್‌ಡಾಗ್ಸ್. 1954ರಲ್ಲಿ ಕಪ್ ಗೆದ್ದವರು ಮತ್ತೆ ಗೆದ್ದದ್ದು 2016ರಲ್ಲಿ. ಆರ್‌ಸಿಬಿಗೆ ಹದಿನೆಂಟನೇ ಸೀಸನ್ನಿನಲ್ಲಿ, 2025ರಲ್ಲಿ ಸಿಕ್ಕಾಗ ನಾವು ಎಷ್ಟೊಂದು ಕಾದೆವು ಎಂದು ಬೀಗಿದ್ದೇ ಬೀಗಿದ್ದು. ಅರುವತ್ತೆರಡು ವರ್ಷ ಕಾದವರ ಮುಂದೆ ಬಾಯಿ ಮುಚ್ಚಿಕೊಂಡು ಕೂತೆ.

ಮೆಲ್ಬೋರ್ನ್ ಕ್ರಿಕೆಟ್ ಮೈದಾನ, ಅಂದರೆ ಎಂಸಿಜಿ ಬಗ್ಗೆ ಮಾತ್ರ ನಾನು ಬಾಯಿ ಮುಚ್ಚುವವನಲ್ಲ. ಅದು ನಿಮ್ಮ ಗ್ರಾಂಡ್ ಫೈನಲ್ಲಿನ ಜಾಗ, ಲಕ್ಷ ಜನ ಸೇರುತ್ತಾರೆ, ಒಪ್ಪಿದೆ. ಆದರೆ 1977ರ ಡಿಸೆಂಬರ್ 30ಕ್ಕೆ ಅಲ್ಲಿ ಶುರುವಾದ ಟೆಸ್ಟಿನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್, ಪೋಲಿಯೊ ತಗುಲಿದ ಅದೇ ಕೈಯಿಂದ, ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತು ಭಾರತಕ್ಕೆ ನಿಮ್ಮ ನೆಲದ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. 1981ರಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಹೊಡೆದ 114 ಕೂಡ ಅಲ್ಲಿಯದೇ. ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಅವನು ಗಂಭೀರವಾಗಿ ಕೇಳಿ, ‘ತಾತ, ಚಂದ್ರ ಅಂಕಲ್ ಎಷ್ಟು ಗೋಲ್ ಹೊಡೆದ್ರು?’ ಅಂದ. ನಿಮ್ಮ ಹೊರದೇಶದ ಬೆಳವಣಿಗೆ ಅಂದರೆ ಇದೇ ಸ್ವಾಮಿ. ಇದಕ್ಕೆ ಶಾಂಘೈವರೆಗೆ ಹೋಗಬೇಕಾಗಿರಲಿಲ್ಲ.

ಡಿಸೆಂಬರಿನಲ್ಲಿ ಅದೇ ಹುಡುಗ ಅದೇ ಕೆಂಪು ಚೆಂಡಿನೊಂದಿಗೆ ವಿಜಯನಗರಕ್ಕೆ ಬಂದ. ನಮ್ಮ ಕ್ರಾಸಿನ ಹುಡುಗರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಲ್ ಡ್ಯಾಮೇಜ್ ಆಗಿದೆ, ವಾಪಸ್ ಕೊಟ್ಟುಬಿಡಿ ಎಂದು ಸಲಹೆ ಕೊಟ್ಟರು. ಮೊದಲ ಒದೆತಕ್ಕೆ ಚೆಂಡು ಎದುರುಮನೆಯ ಶೀಟಿನ ಮೇಲೆ, ಎರಡನೆಯದಕ್ಕೆ ನಿಂತಿದ್ದ ಆಟೋ ಕೆಳಗೆ. ಮೂರನೆಯದು ಪುಟಿದು ಎಡಕ್ಕೆ ಬರುತ್ತದೆ ಎಂದುಕೊಂಡರೆ ಬಲಕ್ಕೆ ಹಾರಿ, ತೆರೆದಿದ್ದ ಸಂಪಿನೊಳಗೆ ಇಳಿಯಿತು. ಕಾವೇರಿ ನೀರು ಬಿಟ್ಟಿದ್ದ ದಿನ. ಆ ಮನೆಯ ಆಂಟಿ ಚೆಂಡನ್ನು ವಾಪಸ್ ಕೊಟ್ಟರು, ಮಾತು ನಿಂತಿದೆ.

ಈಗ ಮುಖ್ಯ ವಿಷಯ. ತಮ್ಮ ಆಟಕ್ಕೆ ಒಂದೊಂದು ಕಡೆ ಹದಿನೆಂಟು ಜನ. ಮೂವತ್ತಾರು ಹುಡುಗರನ್ನು ಸಂಜೆ ಐದಕ್ಕೆ ನಾನೇ ಕೂಡಿಸಿಕೊಡುತ್ತೇನೆ, ಟ್ಯೂಷನ್‌ನವರ ಹತ್ತಿರ ಮಾತಾಡಿ. ಜಾಗದ ಪ್ರಶ್ನೆ ಬೇರೆ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಬೇಕು ಎನ್ನುತ್ತೀರಿ. ಎಂಸಿಜಿಯನ್ನೇ ತೆಗೆದುಕೊಳ್ಳೋಣ: 160ಕ್ಕೆ 141. ನಮ್ಮ ಭಾಷೆಯಲ್ಲಿ ನಾಲ್ಕೆಕರೆ ಹದಿನೈದು ಗುಂಟೆ. ರಸ್ತೆ, ಚರಂಡಿ ಬಿಡದೆ ಕತ್ತರಿಸಿದರೆ ಮೂವತ್ತು ನಲವತ್ತರ ಸೈಟು ಸುಮಾರು 158. ಕಾರ್ನರ್ ಸೈಟು ಮಾತ್ರ ಒಂದೂ ಇಲ್ಲ, ಮೂಲೆಯೇ ಇಲ್ಲದ ಮೇಲೆ. ಈಶಾನ್ಯವೂ ಇಲ್ಲ; ವಾಸ್ತು ಹೇಳುವವರು ಹೆಜ್ಜೆ ಇಡುವುದಿಲ್ಲ. ಬಡಾವಣೆಯ ನಕ್ಷೆಯಲ್ಲಿ ಆಟದ ಮೈದಾನ ಎಂದು ಬರೆದಿದ್ದ ಜಾಗ ನಾನು ಇಲ್ಲಿಗೆ ಬಂದಾಗಿನಿಂದ ಒಂದೊಂದೇ ಗುಂಟೆ ಒಳಸರಿದಿದೆ: ಮೊದಲು ನೀರಿನ ಟ್ಯಾಂಕು, ಆಮೇಲೆ ವಾಕಿಂಗ್ ಟ್ರ್ಯಾಕು, ಬಯಲು ಜಿಮ್, ಒಂದು ಸಮುದಾಯ ಭವನ. ಉಳಿದದ್ದರಲ್ಲಿ ಗಣೇಶನ ಪೆಂಡಾಲು ಬಿಚ್ಚುವ ಹೊತ್ತಿಗೆ ರಾಜ್ಯೋತ್ಸವದ ವೇದಿಕೆ ಏಳುತ್ತದೆ. ಜ್ಞಾನಭಾರತಿ ಕಡೆ ಬಯಲಿದೆ, ಕೆಂಗೇರಿ ಬಳಿ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಆದರೆ ಅವೆಲ್ಲ ಗೇಟು ಇರುವ ಜಾಗಗಳು.

ನಮ್ಮ ಬಡಾವಣೆಗೆ ಒಗ್ಗುವ ಆಟ ಯಾವುದು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕಬಡ್ಡಿ ಅಂಕಣ 13ಕ್ಕೆ 10 ಮೀಟರ್, ಅಂದರೆ 1,400 ಚದರಡಿ. ಒಂದು ಸೈಟು, ಜೊತೆಗೆ ಪಕ್ಕದವನಿಂದ ಒತ್ತಿಕೊಂಡ ಒಂದಿಷ್ಟು. ತಮಗೂ ಇದು ಹೊಸದಲ್ಲ: 2024ರ ಡಿಸೆಂಬರಿನಲ್ಲಿ ಮೆಲ್ಬೋರ್ನಿನ ಜಾನ್ ಕೇನ್ ಅರೇನಾದಲ್ಲಿ ತಮ್ಮ ಲೀಗಿನ ಮಾಜಿ ಆಟಗಾರರೇ ಪ್ರೊ ಕಬಡ್ಡಿಯವರೆದುರು ತೊಡೆ ತಟ್ಟಿದರು. ನಮ್ಮ ಆಟ ನಿಮ್ಮಲ್ಲಿಗೆ ಬರಬೇಕಾದರೆ ಒಂದು ಮ್ಯಾಟು ಸಾಕು. ನಿಮ್ಮದು ಇಲ್ಲಿಗೆ ಬರಬೇಕಾದರೆ ನಾಲ್ಕೆಕರೆ ಚಿಲ್ಲರೆ.

ಆದಕಾರಣ ತಾವು ಕೋಚುಗಳನ್ನು, ಟೀ ಶರ್ಟುಗಳನ್ನು, ಬ್ರ್ಯಾಂಡ್ ರಾಯಭಾರಿಗಳನ್ನು ಕಳಿಸುವ ಮೊದಲು ಒಬ್ಬ ಸರ್ವೇಯರನ್ನು ಕಳಿಸಬೇಕೆಂದು ಕೋರುತ್ತೇನೆ. ಅಂಡಾಕಾರಕ್ಕೆ ಟೇಪು ಹಿಡಿಯಲು ಬಲ್ಲವನಾದರೆ ಸಂತೋಷ. ಭಾನುವಾರ ಬೆಳಿಗ್ಗೆ ಬೇಡ. ಲೆದರ್ ಬಾಲಿನ ಟೂರ್ನಮೆಂಟು ಇರುತ್ತದೆ, ಪೆಟ್ಟು ಬಿದ್ದೀತು. ಅಟ್ಟಿಗುಪ್ಪೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಫೋನ್ ಮಾಡಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಸಂಪಿನ ಮನೆಯ ಮುಂದಿನ ದಾರಿ ಬೇಡ, ಹಿಂದಿನ ಕ್ರಾಸಿನಿಂದ ಹೋಗೋಣ.

ಇಂತಿ ತಮ್ಮ ವಿಶ್ವಾಸಿ,
ಬುಲ್‌ಡಾಗ್ಸ್ ಅಭಿಮಾನಿಯೊಬ್ಬನ ತಾತ